ಕೊಯ್ಯುವುದೋ ಕಾಯುವುದೋ

ನಾನು ಕೂತಲ್ಲಿ ಕೂರುವ ಆಸಾಮಿಯಲ್ಲ. ಬಸ್ಸು ಐದು ನಿಮಿಷ ತಡವಾದರೆ ಸಾಕು, ಮುಂದಿನ ಸ್ಟಾಪಿಗೆ ನಡೆಯಲು ಶುರು ಮಾಡಿರುತ್ತೇನೆ. ನನ್ನ ಹೆಂಡತಿ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಿರುತ್ತಾಳೆ. ಬಸ್ಸು ಬಂದಾಗ ನೆಮ್ಮದಿಯಾಗಿ ಹತ್ತಿ, ನಡುದಾರಿಯಲ್ಲಿ ನಾನು ಕಂಡರೆ ಕಂಡಕ್ಟರಿಗೆ ಹೇಳಿ ನಿಲ್ಲಿಸಿ, ಕಿಟಕಿಯಿಂದ ನನ್ನ ಮುಖ ನೋಡಿ ನಗುತ್ತಾಳೆ. ಮದುವೆಯಾದಾಗಿನಿಂದ ಇದೇ ಕಥೆ.

ಇಂಥವನಿಗೆ ಗುದನಾಳದ ಕ್ಯಾನ್ಸರ್ ಬಂತು. ಬಂದದ್ದು ಗೊತ್ತಾಗಲು ಎರಡು ವರ್ಷ ಬೇಕಾಯಿತು, ಅದಕ್ಕೆ ಕಾರಣ ನಮ್ಮ ಬ್ಯಾರನ್. ಕಂಪಲಾಪುರದ ಕಡೆ ನಾವು ಹೊಗೆಸೊಪ್ಪು ಬೆಳೆಯುವವರು. ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಅನ್ನುವ ಎತ್ತರದ ಗೂಡುಮನೆಯೊಳಗೆ ತೂಗುಹಾಕಿ ವಾರವಿಡೀ ಸೌದೆ ಉರಿಸಿ ಬೇಯಿಸುತ್ತೇವೆ. ಆ ಕಾಲದಲ್ಲಿ ಯಾರಿಗೆ ಮಲದಲ್ಲಿ ರಕ್ತ ಕಂಡರೂ ನಮ್ಮಲ್ಲಿ ಒಂದೇ ತೀರ್ಮಾನ, ಬ್ಯಾರನ್ ಉಷ್ಣ. ನನಗೆ ಕಂಡಾಗ ನಾನೂ ಹಾಗೇ ಅಂದುಕೊಂಡೆ. ಮಜ್ಜಿಗೆ ಕುಡಿದೆ, ಎಳನೀರು ಕುಡಿದೆ, ಕೋಳಿ ಬಿಟ್ಟೆ. ಹಂಪಾಪುರದ ಬಾಮೈದ ಮೂಲವ್ಯಾಧಿಗೆ ಅಂತ ಯಾವುದೋ ಬೇರಿನ ಪುಡಿ ತಂದುಕೊಟ್ಟ, ಅದನ್ನೂ ನುಂಗಿದೆ. ಎರಡನೇ ವರ್ಷದ ಸೀಸನ್ ಮುಗಿದು ಚಳಿಗಾಲ ಕಳೆಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಹೆಂಡತಿ ಮುದ್ದೆಗೆ ಎಸರಿಡುತ್ತಾ ಕೇಳಿದಳು:

“ಬ್ಯಾರನ್ ಆರಿ ನಾಕು ತಿಂಗಳಾಯ್ತು. ನಿಮ್ಮ ಉಷ್ಣ ಮಾತ್ರ ಎಲ್ಲಿಂದ ಬತ್ತಾ ಅದೆ?”

ಆ ವಾರವೇ ಮೈಸೂರಿಗೆ ಹೋದೆವು. ಕ್ಯಾಮೆರಾ ಬಿಟ್ಟು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿದರು. ರಿಪೋರ್ಟ್ ಬರುವ ತನಕ ಆಸ್ಪತ್ರೆಯ ಆ ಉದ್ದನೆಯ ಹಜಾರವನ್ನು ನಾನು ಎಷ್ಟು ಸಲ ಅಳೆದೆನೋ, ಕಾವಲಿನವನು ಯಾರನ್ನು ಹುಡುಕುತ್ತಿದ್ದೀರಿ ಅಂತ ಕೇಳಿದ.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಒಂದು ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು, ತೀರಾ ಕೆಳಗೆ ಒಂದು ಗಂಟು ಬರೆದರು. ಬೇರೆ ಕಡೆ ಹರಡಿಲ್ಲ, ಅದು ಒಳ್ಳೆಯದು ಅಂದರು. ಆದರೆ ಗಂಟು ಗುದದ್ವಾರಕ್ಕೆ ಅಂಟಿಕೊಂಡಂತೆ ಇದೆ. ಈಗಲೇ ಆಪರೇಷನ್ ಮಾಡಿದರೆ ದ್ವಾರವನ್ನೂ ಸೇರಿಸಿ ತೆಗೆಯಬೇಕು, ಹೊಟ್ಟೆಯ ಮೇಲೆ ದಾರಿ ಮಾಡಿ ಒಂದು ಚೀಲ ಅಂಟಿಸಬೇಕು, ಅದು ಕಾಯಂ. ಇನ್ನೊಂದು ದಾರಿ, ಮೊದಲು ಐದಾರು ವಾರ ರೇಡಿಯೇಷನ್, ಜೊತೆಗೆ ಕೀಮೋ ಮಾತ್ರೆ. ಆಮೇಲೆ ಎರಡು ತಿಂಗಳಿಗೂ ಹೆಚ್ಚು ಸುಮ್ಮನೆ ಕಾಯಬೇಕು. ರೇಡಿಯೇಷನ್ ನಿಂತ ಮೇಲೂ ಅದರ ಕೆಲಸ ಒಳಗೆ ನಡೆಯುತ್ತಲೇ ಇರುತ್ತದಂತೆ. ಗಂಟು ಎಷ್ಟು ಕರಗಿದೆ ನೋಡಿಕೊಂಡು ಮುಂದಿನದು. ನಿಮ್ಮಂಥವರಿಗೆ ಹೀಗೆ ಶುರು ಮಾಡುವುದೇ ಮೇಲು ಅಂದರು.

ನಾನು ನಾಳೆಯೇ ಕೊಯ್ದುಬಿಡಿ ಅಂದೆ. ಚೀಲದ ಭಯ ಇರಲಿಲ್ಲವೆಂದಲ್ಲ. ಹಜಾರದಲ್ಲಿ ಕೆ.ಆರ್. ನಗರದ ಕಡೆಯ ಒಬ್ಬರು ಸಿಕ್ಕಿದ್ದರು, ಅಂಗಿ ಎತ್ತಿ ತಮ್ಮ ಚೀಲ ತೋರಿಸಿ, ಇದನ್ನು ಕಟ್ಟಿಕೊಂಡೇ ಗದ್ದೆ ಕೆಲಸ ಮಾಡುತ್ತೇನೆ, ಬೀಗರೂಟಕ್ಕೂ ಹೋಗುತ್ತೇನೆ ಅಂದಿದ್ದರು. ಅವರನ್ನು ನೋಡಿ ಧೈರ್ಯ ಬಂದಿತ್ತು. ನಿಜ ಹೇಳಬೇಕೆಂದರೆ ಚೀಲಕ್ಕಿಂತ ನನಗೆ ಕಾಯುವುದೇ ದೊಡ್ಡ ಭಯ. ಮೈಯೊಳಗೆ ಅದನ್ನು ಇಟ್ಟುಕೊಂಡು ಸುಮ್ಮನಿರುವುದು ಅಂದರೆ ಹೇಗೆ? ಬಾಮೈದ ಫೋನಿನಲ್ಲಿ, ಕೊಯ್ಸಿ ಬಿಸಾಕಿ ಭಾವ, ಅಂದ. ಬೇರಿನ ಪುಡಿಯ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೆಂಡತಿ ಡಾಕ್ಟರಮ್ಮನ ಹಾಳೆಯನ್ನು ಮಡಚಿ ಬ್ಲೌಸಿನೊಳಗಿನ ಪರ್ಸಿಗೆ ಇಟ್ಟುಕೊಂಡು, ಕರೆಂಟ್ ಯಾವಾಗಿನಿಂದ ಅಂತ ಕೇಳಿದಳು. ನಮ್ಮ ಕಡೆ ರೇಡಿಯೇಷನ್ನಿಗೆ ಕರೆಂಟ್ ಅಂತಲೇ ಹೇಳುವುದು. ತೀರ್ಮಾನ ಆಗಿಹೋಯಿತು.

ವಾರಕ್ಕೆ ಐದು ದಿನ ಹುಣಸೂರಿನ ಮೇಲೆ ಮೈಸೂರಿಗೆ ಬಸ್ಸು. ಮೂತ್ರಕೋಶ ತುಂಬಿರಬೇಕು ಅಂತ ಹೊಟ್ಟೆ ತುಂಬ ನೀರು ಕುಡಿಸಿ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಸಾಧಾರಣ ಮನುಷ್ಯನಿಗೇ ಕಷ್ಟ, ನನ್ನ ಪಾಡು ಕೇಳಬೇಡಿ. ಯಂತ್ರದ ಕೆಳಗೆ ಅಲ್ಲಾಡದೆ ಮಲಗಬೇಕಿತ್ತು. ಮೂರನೇ ವಾರದಿಂದ ಭೇದಿ, ಕೂತರೆ ಉರಿ, ನಿಂತರೆ ಸುಸ್ತು. ಈ ಗಲಾಟೆಯಲ್ಲೇ ನಮ್ಮ ಹೊಲದಲ್ಲಿ ಸೊಪ್ಪಿನ ನಾಟಿ ಆಯಿತು, ನಾನಿಲ್ಲದೆ ಆದ ಮೊದಲ ನಾಟಿ. ಕೊನೆಯ ದಿನ ಯಂತ್ರದ ಹುಡುಗಿ ಮುಗೀತು ಸಾರ್ ಅಂದಾಗ ನನಗೆ ಖುಷಿಯಾಗುವ ಬದಲು ದಿಗಿಲಾಯಿತು. ಇಷ್ಟು ದಿನ ಬಸ್ಸಾದರೂ ಇತ್ತು, ಇನ್ನು ಏನೂ ಇಲ್ಲ.

ಕಾಯುವ ಆ ದಿನಗಳು ನನ್ನನ್ನು ಅರೆದುಬಿಟ್ಟವು. ಬೆಳಿಗ್ಗೆ ಕಕ್ಕಸಿಗೆ ಹೋದರೆ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ರಕ್ತ ಇಲ್ಲದಿದ್ದರೂ ಅನುಮಾನ. ಇದ್ದಕ್ಕಿದ್ದಂತೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಈಗಲೇ ನೋಡಿಬಿಡಬಾರದಾ ಅಂತ ಕೇಳುತ್ತಿದ್ದೆ. ಈಗ ನೋಡಿದರೆ ಏನೂ ಗೊತ್ತಾಗುವುದಿಲ್ಲ ಅಂತ ಅವರು ಪ್ರತಿ ಸಲವೂ ಅಷ್ಟೇ ಸಮಾಧಾನದಿಂದ ಹೇಳುತ್ತಿದ್ದರು.

ಅಷ್ಟರಲ್ಲಿ ಹೊಸ ಸೊಪ್ಪು ಬಂದು ಬ್ಯಾರನ್ನಿನ ಒಲೆ ಹೊತ್ತಿಸಿದೆವು. ಬೆಂಕಿ ನೋಡುವುದು ಆ ವರ್ಷ ಹೆಂಡತಿಯ ಕೆಲಸ, ನನಗೆ ಹತ್ತಿರ ಸುಳಿಯಬೇಡಿ ಅಂತ ಕಟ್ಟಪ್ಪಣೆ. ಬ್ಯಾರನ್ನಿನ ಗೋಡೆಗೆ ಒಂದು ಗಾಜಿನ ಕಿಂಡಿ ಇರುತ್ತದೆ. ಬಾಗಿಲು ತೆಗೆದರೆ ಒಳಗಿನ ಹದ ಕೆಡುತ್ತದೆ, ಅದಕ್ಕೇ ಸೊಪ್ಪಿನ ಬಣ್ಣವನ್ನು ಅಲ್ಲಿಂದಲೇ ನೋಡಬೇಕು. ಮೊದಲು ಸಣ್ಣ ಶಾಖದಲ್ಲಿ ಎಲೆ ಪೂರ್ತಿ ಹಳದಿಗೆ ತಿರುಗಬೇಕು. ಆಮೇಲಷ್ಟೇ ಉರಿ ಏರಿಸುವುದು. ಅವಸರ ಪಟ್ಟರೆ ಹಸಿರು ಹಾಗೇ ಎಲೆಯಲ್ಲಿ ಕೂತುಬಿಡುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಮೂವತ್ತು ವರ್ಷ ಇದನ್ನು ಕಂಡಕಂಡವರಿಗೆ ಪಾಠ ಹೇಳಿದವನು ನಾನು.

ಎರಡನೇ ದಿನ ಮಧ್ಯಾಹ್ನ ಹೆಂಡತಿ ಊಟಕ್ಕೆ ಹೋಗಿದ್ದಾಗ ಕಿಂಡಿಯಲ್ಲಿ ಇಣುಕಿದೆ. ಎಲೆ ಇನ್ನೂ ಅರೆಹಸಿರು. ಇದೂ ಕಾಯಬೇಕಾ, ಇದಕ್ಕೂ ನಾನು ಕಾಯಬೇಕಾ ಅನ್ನಿಸಿ ಬಾಗಿಲು ತೆಗೆದು ಎಲೆ ಮುಟ್ಟಿ ನೋಡಿದೆ. ಬಾಗಿಲು ಹಾಕಿ ನಾಲ್ಕು ದಪ್ಪ ಸೌದೆ ಒಲೆಗೆ ನೂಕಿದೆ. ಅವಳು ಬಂದು ಥರ್ಮಾಮೀಟರ್ ನೋಡುವ ಹೊತ್ತಿಗೆ ಕೈಮೀರಿತ್ತು.

ವಾರ ಕಳೆದು ಸೊಪ್ಪು ಇಳಿಸಿದಾಗ ಅವಳು ಒಂದು ಕಡ್ಡಿ ತಂದು ನನ್ನ ಮುಂದೆ ಹಿಡಿದಳು. ಎಲೆಗಳೆಲ್ಲ ಪಾಚಿ ಹಿಡಿದಂತೆ ಹಸಿರು ಕಲೆ. ಬೈಯುತ್ತಾಳೆ ಅಂದುಕೊಂಡಿದ್ದೆ.

“ಸೊಪ್ಪು ಹೋದ್ರೆ ಹೋಗ್ಲಿ ಬುಡಿ,” ಅಂದಳು. “ನಿಮ್ಮ ಮೈಗೂ ಇಂಗೇ ಸೌದೆ ನೂಕ್ಬ್ಯಾಡಿ.”

ನನಗೆ ಅಳು ಬಂತು. ಮಕ್ಕಳ ಮದುವೆಯಲ್ಲೂ ಅಳದವನು ಅಂಗಳದಲ್ಲಿ ಕೂತು ಅತ್ತೆ.

ಆಗಸ್ಟಿನಲ್ಲಿ ಮೈಸೂರಿಗೆ ಹೋದಾಗ ಬೆರಳಿನಲ್ಲಿ ನೋಡಿದರು, ಕ್ಯಾಮೆರಾದಲ್ಲಿ ನೋಡಿದರು, ಸ್ಕ್ಯಾನ್ ನೋಡಿದರು. ಗಂಟಿದ್ದ ಜಾಗದಲ್ಲಿ ಒಂದು ಬಿಳಿ ಕಲೆ ಮಾತ್ರ. ನಾನು ಎದ್ದು ಕೈಮುಗಿಯುವುದರಲ್ಲಿದ್ದೆ, ಡಾಕ್ಟರಮ್ಮ ಕೂರಿ ಅಂದರು. ಮತ್ತೆ ಎರಡು ದಾರಿ. ಕಣ್ಣಿಗೆ ಕಾಣದ್ದು ಉಳಿದಿರಬಹುದು, ಅದಕ್ಕೆ ಆಪರೇಷನ್ ಮಾಡಿ ಆ ಭಾಗ ತೆಗೆಯುವುದು ಒಂದು, ಆಗ ಚೀಲ ತಪ್ಪಿದ್ದಲ್ಲ. ಇಲ್ಲವೇ ಮುಟ್ಟದೆ ಬಿಡುವುದು. ಆದರೆ ಮೂರು ತಿಂಗಳಿಗೊಮ್ಮೆ ಬಂದು ಎಲ್ಲ ಪರೀಕ್ಷೆ ಮಾಡಿಸಬೇಕು, ಒಂದು ಸಲವೂ ತಪ್ಪಿಸಬಾರದು. ಕೆಲವರಲ್ಲಿ ಮತ್ತೆ ಬೆಳೆಯುತ್ತದೆ. ಬೇಗ ಕಂಡರೆ ಹೆಚ್ಚಿನವರಿಗೆ ಆಗ ಆಪರೇಷನ್ ಮಾಡಬಹುದು. ಗ್ಯಾರಂಟಿ ಅಂತ ಯಾವುದಕ್ಕೂ ಕೊಡಲಾರೆ ಅಂದರು. ಎಷ್ಟು ವರ್ಷ ಅಂತ ಕೇಳಿದೆ. ಮೊದಲೆರಡು ವರ್ಷ ಹೀಗೆ, ಆಮೇಲೆ ಸ್ವಲ್ಪ ದೂರ ದೂರ, ಒಟ್ಟು ಐದಾದರೂ ಆಗುತ್ತದೆ ಅಂದರು.

ಹೆಂಡತಿಯ ಕಡೆ ನೋಡಿದೆ. ಈ ಸಲ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು.

“ಬಾಗ್ಲು ತೆಗೆಯದು ಬ್ಯಾಡ,” ಅಂದೆ. “ಕಿಂಡೀಲೇ ನೋಡ್ಕಂಡಿರವ.”

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು.

ನಾನು ಬದಲಾದೆ ಅಂತ ಯಾರೂ ತಿಳಿಯಬೇಡಿ. ಟಾರ್ಚ್ ಈಗಲೂ ಕಕ್ಕಸಿನ ಗೂಡಿನಲ್ಲೇ ಇದೆ. ಪರೀಕ್ಷೆಯ ದಿನ ಹತ್ತಿರ ಬಂದಂತೆ ಅನ್ನ ಇಳಿಯುವುದಿಲ್ಲ, ಹೊಲದಲ್ಲಿ ಮಾಡಿದ ಕೆಲಸವನ್ನೇ ಮತ್ತೆ ಮಾಡುತ್ತೇನೆ.

ಮೊನ್ನೆ ಮೂರನೇ ಪರೀಕ್ಷೆಗೆ ಹೊರಟಾಗ ಬಸ್ಸು ತಡವಾಯಿತು. ಎಂದಿನಂತೆ ನಾನು ಎದ್ದು ಮುಂದಿನ ಸ್ಟಾಪಿನ ಕಡೆ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಚಪ್ಪಲಿ ಸದ್ದು ಕೇಳಿಸಿತು. ತಿರುಗಿದರೆ ಅವಳು, ಸ್ಕ್ಯಾನಿನ ಕವರು ಎದೆಗೆ ಅವುಚಿಕೊಂಡು ಓಡೋಡಿ ಬರುತ್ತಿದ್ದಾಳೆ. ಯಾಕೆ ಬಂದೆ, ಬಸ್ಸು ತಪ್ಪಿದರೆ ಏನು ಮಾಡುವುದು ಅಂತ ಗದರಿದೆ.

“ನಂಗೂ ಕೂರಕ್ಕಾಗ್ನಿಲ್ಲ,” ಅಂದಳು.