ಮುದಿ ಕಾರಿಗೆ ದುಬಾರಿ ಎಣ್ಣೆ

ಗಿರಾಕಿ ನನ್ನ ಎಂಜಿನ್ ಎಣ್ಣೆ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ನಾನು ಅವರನ್ನು ಲೀಟರಿನಲ್ಲಿ ಅಳೆದುಬಿಡುತ್ತೇನೆ. ಲಾರಿ ಮಾಲೀಕನೆಂದರೆ ಒಂದು ಡ್ರಮ್ಮು, ಹೊಸ ಕಾರಿನವನೆಂದರೆ ನಾಲ್ಕು ಲೀಟರು, ಬೈಕಿನವನೆಂದರೆ ಒಂದು ಲೀಟರು ಎಣ್ಣೆ ಮತ್ತು ಒಂದು ಗಂಟೆ ಮಾತು. ಕ್ಲಚ್ಚಕ್ಕನನ್ನು ಮೊದಲ ಸಲ ಕಂಡಾಗ ಅರ್ಧ ಲೀಟರು ಎಂದುಕೊಂಡೆ. ಗಂಡಸರ ಕೈಗಡಿಯಾರ, ಬಣ್ಣ ಹೋದ ಚೀಲ, ಬಲಗಾಲಿನ ಚಪ್ಪಲಿ ಮಾತ್ರ ತೀರಾ ಸವೆದದ್ದು. ಹೊಲಿಗೆ ಯಂತ್ರಕ್ಕೆ ಎರಡು ತೊಟ್ಟು ಕೇಳಲು ಬಂದವರಿರಬೇಕು ಎಂದು ಕುರ್ಚಿಯಿಂದ ಏಳಲೂ ಇಲ್ಲ.

ಅವರು ಅಂಗಡಿಯಲ್ಲೇ ಅತಿ ದುಬಾರಿಯ ಸಿಂಥೆಟಿಕ್ ಎಂಜಿನ್ ಎಣ್ಣೆಯ ಡಬ್ಬಿ ಎತ್ತಿ ಕೈಯಲ್ಲೇ ತೂಗಿದರು.

"ಮಾಮೂಲಿ ಎಣ್ಣೆಗಿಂತ ಮೂರು ಪಟ್ಟು ಯಾಕೆ ಇದಕ್ಕೆ?"

ನಾನು ಎದ್ದು ನಿಂತೆ. "ಎಷ್ಟು ಬಿಸಿಯಾದ್ರೂ ಬೇಗ ಕೆಡಲ್ಲ ಅಕ್ಕ. ಪದೇ ಪದೇ ಬದಲಾಯಿಸೋ ತಾಪತ್ರಯ ಇಲ್ಲ. ಯಾವ ಗಾಡಿಗೆ?"

"ಅಜ್ಜಿಗೆ."

ವಿಚಾರಿಸಿದಾಗ ತಿಳಿಯಿತು: ಅವರದು ಡ್ರೈವಿಂಗ್ ಶಾಲೆ. ಪಕ್ಕದ ಸೀಟಿನಲ್ಲಿ ಕುಳಿತು ದಿನವಿಡೀ "ಕ್ಲಚ್, ಕ್ಲಚ್" ಎಂದು ಕೂಗಿ ಕ್ಲಚ್ಚಕ್ಕ ಎಂಬ ಹೆಸರು ಬಂದದ್ದು. ಚಪ್ಪಲಿ ಸವೆದದ್ದು ಕಲಿಯುವವರ ಪರವಾಗಿ ಬ್ರೇಕು ಒತ್ತಿ. ಶಾಲೆಗೆ ಎರಡು ಕಾರು. ಶುರುವಿನಿಂದಲೂ ಇರುವ ಬಿಳಿಯದು ಅಜ್ಜಿ, ಇತ್ತೀಚೆಗೆ ಕೊಂಡ ಬೂದು ಬಣ್ಣದ್ದು ಮೊಮ್ಮಗಳು. ಸೊಸೆ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಕೆಲಸ ಬಿಟ್ಟು, ಕಲಿಸುವ ಲೈಸೆನ್ಸು ಪಡೆದಿದ್ದಳು. ಅಜ್ಜಿ ಅವಳ ಪಾಲಿಗೆ. ಅಜ್ಜಿ ಕೆಟ್ಟು ನಿಂತರೆ ಸೊಸೆ ಮತ್ತೆ ಬಿಸ್ಕತ್ತಿಗೆ.

"ಹಾಗಾದ್ರೆ ಇದನ್ನ ಮೊಮ್ಮಗಳಿಗೆ ಹಾಕಿ," ಎಂದೆ. "ಅಜ್ಜಿಗೆ ಬೇಡ. ಹಳೇ ಎಂಜಿನ್ನಲ್ಲಿ ಎಣ್ಣೆ ತಡೆಯೋ ರಬ್ಬರ್ ಸೀಲುಗಳು ಬಿರುಕು ಬಿಟ್ಟಿರ್ತವೆ. ಒಳಗೆ ಕೂತ ಕೊಳೆನೇ ಸಂದು ಮುಚ್ಚಿರುತ್ತೆ. ಇದು ಆ ಕೊಳೆ ತೊಳೆದು ಹಾಕುತ್ತೆ, ಆಮೇಲೆ ಸೋರೋದೇ."

"ಮನೇಲಿ ಬಡಕಲು ಮಗುಗೆ ತಾನೇ ಹಾಲು ಜಾಸ್ತಿ ಕೊಡೋದು?"

"ಮಗು ಬೆಳೆಯುತ್ತೆ ಅಕ್ಕ. ಎಂಜಿನ್ ಬೆಳೆಯಲ್ಲ."

ಅವರು ನನ್ನ ಮುಖವನ್ನೊಮ್ಮೆ ನೋಡಿ ಡಬ್ಬಿ ತಿರುಗಿಸಿದರು. "ವ್ಯಾಪಾರಿನೇ ಬೇಡ ಅಂದ್ರೆ ಮಾಲು ಹಳೇದಿರ್ಬೇಕು." ತಾರೀಖು ಹೊಸದೇ ಇತ್ತು. ಅನುಮಾನ ಇನ್ನೂ ಬಲವಾಯಿತು. "ಓಹೋ, ಬೇರೆ ಯಾರಿಗೋ ಎತ್ತಿಟ್ಟಿದ್ದೀರಿ."

ಲಾಭ ತಾನಾಗಿ ಬಾಗಿಲಿಗೆ ಬಂದಾಗ ಎರಡು ಸಲ ಬೇಡವೆನ್ನುವಷ್ಟು ಸಂತ ನಾನಲ್ಲ. ಅಜ್ಜಿಗೆ ಸಿಂಥೆಟಿಕ್, ಮೊಮ್ಮಗಳಿಗೆ ಮಾಮೂಲಿ ಕಟ್ಟಿಕೊಟ್ಟೆ.

ಕ್ಲಚ್ಚಕ್ಕ ದಿನಪತ್ರಿಕೆಯನ್ನು ಎರಡು ಸಲ ಓದುತ್ತಾರೆ. ಮೊದಲು ಅಚ್ಚಾದದ್ದನ್ನು. ಸಂಜೆ ಶೆಡ್ಡಿನಲ್ಲಿ ಅದನ್ನೇ ಎರಡೂ ಕಾರುಗಳ ಕೆಳಗೆ ಹಾಸಿ, ಬೆಳಗ್ಗೆ ಬಿದ್ದ ಕಲೆಗಳನ್ನು. ಎರಡನೆಯದರಲ್ಲಿ ಸುಳ್ಳು ಬರುವುದಿಲ್ಲ ಎನ್ನುತ್ತಾರೆ.

ಕೆಲವು ವಾರ ಕಳೆದ ಮೇಲೆ ಅಂಥದೊಂದು ಹಾಳೆ ತಂದು ಗಿರಾಕಿಗಳ ನಡುವೆಯೇ ನನ್ನ ಕೌಂಟರಿನ ಮೇಲೆ ಹರಡಿದರು. ಆಟದ ಪುಟ. ಗೆದ್ದ ತಂಡ ಪೂರ್ತಿ ಎಣ್ಣೆಯಲ್ಲಿ ಮುಳುಗಿತ್ತು.

"ಓದಿ ಸಾಹುಕಾರ್ರೆ. ಅಜ್ಜಿ ಕೆಳಗಿನ ಕಲೆ ಮೊದಲು ಅಂಗಿ ಗುಂಡಿಯಷ್ಟಿತ್ತು, ಈಗ ತಟ್ಟೆಯಷ್ಟು."

ಹಿಂದೆ ನಿಂತಿದ್ದ ಸೊಸೆ ಮೆಲ್ಲಗೆ, "ಎಂಜಿನ್ ಬಿಚ್ಚೋ ಹಾಗಿದ್ರೆ ನಾನು ಕಾರ್ಖಾನೇಲಿ ಮತ್ತೆ ಕೆಲಸ ಕೇಳಿ ಬರ್ತೀನಿ ಅತ್ತೆ," ಎಂದಳು.

"ಸುಮ್ನಿರು. ಅಜ್ಜಿ ಇನ್ನೂ ಉಸಿರಾಡ್ತಿದಾಳೆ." ಮತ್ತೆ ನನ್ನ ಕಡೆ ತಿರುಗಿದರು. "ನಿಮ್ಮ ಸ್ವಂತ ಕಾರಿಗೆ ಯಾವ ಎಣ್ಣೆ ಹಾಕ್ತೀರಿ?"

ಡಬ್ಬಿ ಇಳಿಸುತ್ತಿದ್ದ ನನ್ನ ವ್ಯಾನ್ ಡ್ರೈವರ್ ಉಪ್ಪು ತಿಂದ ಮನೆಗೆ ಎರಡು ಬಗೆದ. "ಸಾಹುಕಾರ್ರಿಗೆ ಕಾರು ಓಡ್ಸೋಕೇ ಬರಲ್ಲ ಅಕ್ಕ."

"ನೋಡಪ್ಪ, ಈಜು ಬಾರದವರು ದೋಣಿ ಮಾರ್ತಿದಾರೆ."

"ದೋಣಿ ತೂತಾಗುತ್ತೆ ಅಂತ ಮೊದಲೇ ಹೇಳಿದ್ನಲ್ಲ," ಎಂದೆ.

"ಹೇಳಿದ್ರಿ. ವ್ಯಾಪಾರದ ಮಾತು ಅಂತ ಬಿಟ್ಟೆ." ತಪ್ಪಾಯಿತು ಎನ್ನುವುದಕ್ಕೆ ಅವರ ಬಾಯಿಂದ ಹೊರಟ ಅತಿ ಹತ್ತಿರದ ಮಾತು ಅದು.

ಅಜ್ಜಿಯ ಎಣ್ಣೆ ಇಳಿಸಿ, ಮೆಕ್ಯಾನಿಕ್ ಕೈಯಲ್ಲಿ ಒಂದು ಸೀಲು ಬದಲಾಯಿಸಿ, ಹಳೆಯ ಎಂಜಿನ್ನಿಗೆ ಹೊಂದುವ ಮಂದ ಮಾಮೂಲಿ ಎಣ್ಣೆ ಹಾಕಿಸಿದರು. ಕಲೆ ಮತ್ತೆ ಗುಂಡಿಯಷ್ಟಾಯಿತು. ಪೂರ್ತಿ ಹೋಗಲಿಲ್ಲ, ವಯಸ್ಸಾದವರ ಕೆಮ್ಮಿನ ಹಾಗೆ. ದುಬಾರಿ ಎಣ್ಣೆಯ ಹೊಸ ಡಬ್ಬಿ ಮೊಮ್ಮಗಳಿಗೆ ಹೋಯಿತು. ಕಲಿಯುವವರ ಕಾರು ಒಂದನೇ ಗೇರು, ಎರಡನೇ ಗೇರು, ಮತ್ತೆ ನಿಲ್ಲುವುದು. ದೂರ ಹೋಗದೆಯೇ ಎಂಜಿನ್ ಕಾದು ಬಿಸಿಯಾಗುತ್ತದೆ. ಆ ಕಾವಿನಲ್ಲಿ ಈ ಎಣ್ಣೆ ಚೆನ್ನಾಗಿ ತಡೆದುಕೊಂಡಿತು. ಎರಡು ಸಲ ಬದಲಾಯಿಸುತ್ತಿದ್ದಲ್ಲಿ ಒಂದು ಸಲ ಸಾಕಾಯಿತು. ಎಣ್ಣೆಯ ದರವನ್ನಷ್ಟೇ ನೋಡಿದರೆ ಗಿಟ್ಟಲಿಲ್ಲ. ಕಾರು ಗ್ಯಾರೇಜಿನಲ್ಲಿ ನಿಂತು ಪಾಠ ತಪ್ಪುತ್ತಿದ್ದ ದಿನಗಳು ಉಳಿದದ್ದರಲ್ಲಿ ಗಿಟ್ಟಿತು.

ಆದರೆ ಸೊಸೆಗೆ ವಿದ್ಯಾರ್ಥಿಗಳೇ ಇಲ್ಲ. ಕ್ಲಚ್ಚಕ್ಕ ಮತ್ತೆ ಅಂಗಡಿಗೆ ಬಂದರು.

"ಹೊಸ ಟೀಚರು, ಮುದಿ ಕಾರು, ಯಾರೂ ಕೂರ್ತಿಲ್ಲ. ನೀವು ಕಲಿಯೋಕೆ ಬನ್ನಿ."

"ಐವತ್ತೆರಡು ವರ್ಷ ಅಕ್ಕ ನಂಗೆ."

"ಅಜ್ಜಿಗಿಂತ ಚಿಕ್ಕವರೇ. ನೀವು ಮಾರಿದ ಎಣ್ಣೆ ಮೇಲೆ ನಿಮಗಾದ್ರೂ ನಂಬಿಕೆ ಇದೆಯಾ ನೋಡೋಣ."

ಹೋದೆ. ಮೊದಲ ಪಾಠ ಸ್ಟೇರಿಂಗ್ ಅಲ್ಲ. ಸೊಸೆ ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ತೋರಿಸಿ, "ತೆಗೀರಿ, ಒರೆಸಿ, ಮತ್ತೆ ಅದ್ದಿ ತೆಗೀರಿ," ಎಂದಳು. ಅರ್ಧ ಆಯುಷ್ಯ ಎಣ್ಣೆ ಮಾರಿದವನು ಆ ಕಡ್ಡಿ ಮುಟ್ಟಿದ್ದು ಅದೇ ಮೊದಲು. ಆಮೇಲೆ ನನ್ನ ಅಂಗಡಿ ಬೀದಿಯ ತುದಿಯವರೆಗೆ ಕಾರಿನಲ್ಲಿ ಕುಪ್ಪಳಿಸಿಕೊಂಡು ಹೋದೆವು. ನೆರೆಯ ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ನನ್ನಂಥವನಿಗೇ ಕಲಿಸುತ್ತಾಳೆಂದರೆ ಯಾರಿಗೆ ಬೇಕಾದರೂ ಕಲಿಸಬಲ್ಲಳು ಎಂದು ಅವರು ತೀರ್ಮಾನಿಸಿರಬೇಕು. ಬಟ್ಟೆ ಅಂಗಡಿಯವನು ಹೆಂಡತಿಯನ್ನು ಸೇರಿಸಿದ, ಔಷಧಿ ಅಂಗಡಿಯವಳು ತಾನೇ ಸೇರಿಕೊಂಡಳು. ಸೊಸೆ ಕಾರ್ಖಾನೆಗೆ ಹಿಂತಿರುಗಲಿಲ್ಲ. ಅಜ್ಜಿ ಇನ್ನೂ ಓಡುತ್ತಿದ್ದಾಳೆ.

ದುಬಾರಿ ಎಣ್ಣೆ ಹಾಕಿದರೆ ಗಿಟ್ಟುತ್ತದೆಯೇ ಎಂದು ಈಗ ಯಾರಾದರೂ ಕೇಳಿದರೆ, ಒಂದು ರಾತ್ರಿ ಕಾರಿನಡಿ ಕಾಗದ ಹಾಸಿ, ಬೆಳಗ್ಗೆ ಅದನ್ನು ಹಿಡಿದುಕೊಂಡು ಬನ್ನಿ ಎನ್ನುತ್ತೇನೆ. ಆ ಮಾತು ಕ್ಲಚ್ಚಕ್ಕನಿಂದ ಬಂದದ್ದು. ನನಗೆ ಗಾಡಿ ಓಡಿಸಲು ಬರುವುದು ಅವರ ಸೊಸೆಯಿಂದ. ಆ ಮನೆಗೆ ನಾನು ಈ ಎರಡಕ್ಕೂ ಋಣಿ.