ಕೋರಂ ಇಲ್ಲದ ಅರ್ಧ ಗಂಟೆ

ಅಥವಾ ಆ ಟಿಫಿನ್ ಕ್ಯಾರಿಯರಿನಲ್ಲಿ ಸಾಂಬಾರು ಇರಲೇ ಇಲ್ಲವೇನೋ. ಅದು ನಮ್ಮ ಸೊಸೈಟಿ ಸೆಕ್ರೆಟರಿಯ ಬಿಳಿ ಪೈಜಾಮದ ಮೇಲೆ ಚೆಲ್ಲಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಡಬ್ಬಿಗಳು ಖಾಲಿ ಇದ್ದವು, ಬಿದ್ದಾಗ ಸದ್ದಾಯಿತು ಅಷ್ಟೇ ಎನ್ನುತ್ತಾಳೆ ಅವತ್ತು ಅಲ್ಲೇ ಇದ್ದ ಮಗಳು. ಬಂದವರಿಗೆಲ್ಲ ಈ ಕತೆ ಹೇಳಿ ಹೇಳಿ ಸಾಂಬಾರನ್ನು ನಾನೇ ತುಂಬಿರಬಹುದು. ಆದ್ದರಿಂದ ಅನುಮಾನವಿಲ್ಲದ್ದನ್ನು ಮೊದಲು ಬರೆಯುತ್ತೇನೆ.

ಎರಡು ಸಾವಿರದ ದಶಕದ ನಡುಭಾಗ. ನಾವು ದೆಹಲಿಯ ಮಯೂರ್ ವಿಹಾರ್‌ನ ಒಂದು ಹೌಸಿಂಗ್ ಸೊಸೈಟಿಯಲ್ಲಿದ್ದೆವು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಎಂಜಿನಿಯರ್. ಕಟ್ಟಡ ಎಷ್ಟು ಭಾರ ತಾಳುತ್ತದೆ ಎಂದು ನೋಡುವುದೇ ಕೆಲಸ. ನಮ್ಮ ಕಟ್ಟಡ ಕಂಬಗಳ ಮೇಲೆ ನಿಂತಿತ್ತು. ಕೆಳಗೆ ಕಾರುಗಳು, ಮೇಲೆ ಮನೆಗಳು, ಕಂಬಗಳ ನಡುವೆ ಅಲ್ಲಲ್ಲಿ ಇಟ್ಟಿಗೆ ಗೋಡೆ. ಮನೆಗೊಂದಿದ್ದ ಕಾರು ಎರಡಾಗತೊಡಗಿದಾಗ ಕಮಿಟಿಯವರು ಆ ಗೋಡೆಗಳನ್ನು ಒಡೆದು ಜಾಗ ಮಾಡಲು ಹೊರಟರು. ಭಾನುವಾರದ ಸಭೆಯಲ್ಲಿ ಕೈ ಎತ್ತಿಸುವುದಷ್ಟೇ ಬಾಕಿ. ದೆಹಲಿಯ ನೆಲ ಆಗಾಗ ನಡುಗುವಂಥದ್ದು. ಗೋಡೆ ತೆಗೆದರೆ ಜೋರಾದ ಒಂದು ನಡುಕಕ್ಕೆ ಮೊದಲು ಕಂಬಗಳು ವಾಲುತ್ತವೆ, ಮೇಲಿನದೆಲ್ಲ ಅವುಗಳ ಮೇಲೆ ಕೂರುತ್ತದೆ. ಆ ಮೇಲಿನದರಲ್ಲಿ ನನ್ನ ಮಗಳ ಹಾಸಿಗೆಯೂ ಇತ್ತು.

ಒಡೆಯಲು ಬಿಡಬಾರದು ಎಂದು ತೀರ್ಮಾನಿಸಿದೆ. ಕಚೇರಿಯ ಅಭ್ಯಾಸದಂತೆ ಸ್ಲೈಡುಗಳನ್ನು ಮಾಡಿ ಮಗಳಿಗೆ ಓದಿ ತೋರಿಸಿದೆ. ದೆಹಲಿಯಲ್ಲೇ ಬೆಳೆದವಳು, ಕನ್ನಡ ಕೇಳಿಸಿಕೊಂಡು ಹಿಂದಿ ಬೆರೆಸಿ ಉತ್ತರಿಸುವವಳು.

"ಅಮ್ಮಾ, ಅಂಕಲ್‌ಗಳೆಲ್ಲ ಸೋ ಜಾಯೇಂಗೆ."

"ಮಲಗಿದ್ರೆ ಎಬ್ಬಿಸ್ತೀನಿ."

"ಕೈಸೇ? ಈ ಗ್ರಾಫ್ ತೋರ್ಸಿ?"

ಸ್ಲೈಡುಗಳನ್ನು ಕೈಬಿಟ್ಟೆ. ತಟ್ಟೆಯಲ್ಲಿ ಚಪಾತಿ ಹಿಟ್ಟು ತಟ್ಟಿ, ಅದರಲ್ಲಿ ನಾಲ್ಕು ಪೆನ್ಸಿಲ್ ನೆಟ್ಟು, ಮೇಲೆ ಟಿಫಿನ್ ಕ್ಯಾರಿಯರ್ ಇಟ್ಟೆ. ಪೆನ್ಸಿಲ್‌ಗಳ ನಡುವೆ ಬೆಂಕಿಪೊಟ್ಟಣಗಳನ್ನು ಒತ್ತಿ ಕೂರಿಸಿದೆ: ಅವೇ ಗೋಡೆಗಳು. ಅಡುಗೆಮನೆಯ ಕಟ್ಟೆಯ ಮೇಲೆ ಎಷ್ಟೋ ಸಲ ಬೀಳಿಸಿ, ಹಿಟ್ಟಿನ ಹದ ಕಂಡುಕೊಂಡೆ.

ಸಭೆಯಲ್ಲಿ ಮಾತಾಡಲು ಸಮಯ ಕೇಳಿಕೊಂಡು ಸೆಕ್ರೆಟರಿಯ ಮನೆಗೆ ಹೋದೆ. ಅವರು ಮಾತಾಡಿದ್ದು ಹಿಂದಿಯಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ. ಹಾಗಾಗಿ ಈ ಮಾತುಗಳು ಅರ್ಧ ನನ್ನವೇ.

"ವೋಟಿಂಗ್ ಆಗ್ಲಿ, ಸಮೋಸಾ ಆಗ್ಲಿ ಮೇಡಂಜೀ. ಆಮೇಲೆ ಐದು ನಿಮಿಷ ನಿಮ್ದೇ."

"ವೋಟಿಂಗ್ ಆದ್ಮೇಲೆ ಹೇಳಿ ಏನು ಉಪಯೋಗ, ಸೆಕ್ರೆಟರಿ ಸಾಹೇಬ್?"

"ಅರೇ, ಜ್ಞಾನ ಎಂದಾದ್ರೂ ವ್ಯರ್ಥ ಆಗತ್ತಾ?"

ಮೆಟ್ಟಿಲಿಳಿಯುವಾಗ ದಾರಿ ಹೊಳೆಯಿತು. ನಮ್ಮ ಸೊಸೈಟಿಯ ಸಭೆಗೆ ಬೇಕಾದಷ್ಟು ಸದಸ್ಯರು ಎಂದೂ ಬರುವುದಿಲ್ಲ. ಕೋರಂ ಇಲ್ಲವೆಂದು ಸೆಕ್ರೆಟರಿ ಅರ್ಧ ಗಂಟೆ ಮುಂದೂಡುತ್ತಾರೆ. ಅದು ಕಳೆದ ಮೇಲೆ ಇದ್ದಷ್ಟೇ ಜನ ಸಾಕು ಎನ್ನುವುದು ನಿಯಮ. ಎಲ್ಲರಿಗೂ ಇದು ಗೊತ್ತು, ಆದರೂ ಪ್ರತಿ ಸಲ ಬಂದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಆಕಳಿಸುತ್ತ ಕಾಯುತ್ತಾರೆ. ಆ ಅರ್ಧ ಗಂಟೆ ಯಾರದ್ದೂ ಅಲ್ಲ. ನಾನು ತೆಗೆದುಕೊಂಡರೆ ನನ್ನದು.

ಭಾನುವಾರ ಸೆಕ್ರೆಟರಿ "ಕೋರಂ ಇಲ್ಲ" ಎಂದು ಕೂತದ್ದೇ ತಡ, ನಾನು ತಟ್ಟೆ ಹಿಡಿದು ಎದ್ದೆ. ಕ್ಲಬ್ ರೂಮಿನ ಕೇರಂ ಬೋರ್ಡಿನ ಮೇಲೆ ಅದನ್ನಿಟ್ಟು, "ಇದು ನಮ್ಮ ಬಿಲ್ಡಿಂಗ್. ಅಲ್ಲಾಡಿಸೋರು ಯಾರು?" ಎಂದೆ.

"ಮೇಡಂ, ಸಭೆ ಶುರುವಾಗಿಲ್ಲ," ಎಂದರು ಸೆಕ್ರೆಟರಿ.

"ಅದಕ್ಕೇ. ನೀವೇ ಬನ್ನಿ, ಅಲ್ಲಾಡಿಸಿ."

ಜನ ನಕ್ಕರು, ಅವರು ಬರಲೇಬೇಕಾಯಿತು. ಬೋರ್ಡು ಅಲುಗಾಡಿಸಿದರು. ಕ್ಯಾರಿಯರ್ ತೂಗಿ ನಿಂತಿತು. ಮೊದಲ ಸಾಲಿನಲ್ಲಿದ್ದ, ನಮ್ಮ ಮೇಲಿನ ಮನೆಯ ಆಂಟಿಯನ್ನು ಕರೆದು, ಬೆಂಕಿಪೊಟ್ಟಣಗಳನ್ನು ತೆಗೆಯಿರಿ ಎಂದೆ.

"ಎಲ್ಲಾನೂ ತೆಗೀಲಾ ಬೇಟಾ?"

"ಕಾರಿಗೆ ಎಷ್ಟು ಜಾಗ ಬೇಕೋ ಅಷ್ಟು ತೆಗೀರಿ ಆಂಟಿಜೀ."

ಯಾರೋ ಹಿಂದಿನಿಂದ, "ಹಾಗಾದ್ರೆ ಎಲ್ಲಾ ತೆಗೀರಿ, ಇವರ ಮಗ ಎರಡನೇದು ಬುಕ್ ಮಾಡಿದಾನೆ!" ಎಂದರು. ಆಂಟಿ ಎಲ್ಲವನ್ನೂ ತೆಗೆದರು. ಸೆಕ್ರೆಟರಿ ಮತ್ತೆ ಅಲ್ಲಾಡಿಸಿದರು, ಮೊದಲಿಗಿಂತ ಮೆಲ್ಲಗೆ. ಪೆನ್ಸಿಲ್‌ಗಳು ಒಂದೇ ಕಡೆಗೆ ವಾಲಿ, ಕ್ಯಾರಿಯರ್ ಅವರತ್ತಲೇ ಉರುಳಿತು. ಅದರಲ್ಲಿ ಏನಿತ್ತೋ, ಇರಲಿಲ್ಲವೋ. ಹಿಂದಿನ ಸಾಲಿನವರು ನೋಡಲು ಎದ್ದು ಮುಂದೆ ಬಂದದ್ದು ಮಾತ್ರ ನಿಜ.

ಆಗ ನಾನು ಹೇಳಿದ್ದು ಕಡಿಮೆ. "ಮುರಿದದ್ದು ಡಬ್ಬಿಗಳಲ್ಲ. ಕಾಲುಗಳು ಸೋತವು." ಆಮೇಲೆ ಪ್ರಶ್ನೆಗಳು ಬಂದವು, ಒಂದರ ಮೇಲೊಂದು. ನಾನು ಬಾಲ್ಕನಿಗೆ ಗಾಜು ಹಾಕಿಸಿದ್ದೇನಲ್ಲ, ಅದರಿಂದ ಅಪಾಯವೇ ಎಂದರೊಬ್ಬರು. ಮೇಲಿನ ನೀರಿನ ಟ್ಯಾಂಕು? ಒಂದನ್ನೂ ಬಿಡದೆ ಉತ್ತರಿಸಿದೆ. ಗಡಿಯಾರ ನೋಡುತ್ತಿದ್ದವರು ಸೆಕ್ರೆಟರಿ ಒಬ್ಬರೇ.

ಅರ್ಧ ಗಂಟೆ ಮುಗಿಯಿತು, ಸಭೆ ಶುರುವಾಯಿತು. ಸೆಕ್ರೆಟರಿ ಪ್ರಸ್ತಾವ ಓದಿದರು. ಕೊನೆಗೆ, ಗೋಡೆ ಒಡೆದ ಮೇಲೆ ಪಾರ್ಕಿಂಗ್ ಜಾಗಗಳನ್ನು ಚೀಟಿ ಎತ್ತಿ ಹೊಸದಾಗಿ ಹಂಚಲಾಗುವುದು ಎಂದು ಸೇರಿಸಿದರು. ಅದು ಅವತ್ತೇ ಮೊದಲು ಕೇಳಿದ ಮಾತು. ಒಳ್ಳೆಯ ಜಾಗವಿದ್ದವರು ತಮ್ಮತಮ್ಮಲ್ಲೇ ಗುಸುಗುಟ್ಟಿದರು. ಕೈ ಎತ್ತಿ ಎಂದಾಗ ಎದ್ದ ಕೈಗಳು ಸಾಲಲಿಲ್ಲ. ಪ್ರಸ್ತಾವ ಬಿದ್ದುಹೋಯಿತು.

ಸಮೋಸಾ ತಿನ್ನುವಾಗ ಆಂಟಿ ನನ್ನ ಬೆನ್ನು ತಟ್ಟಿ, "ಬಹುತ್ ಅಚ್ಛಾ ಬೋಲೀ, ಬೇಟಾ," ಎಂದರು. ಮರುಕ್ಷಣವೇ ತಗ್ಗಿದ ದನಿಯಲ್ಲಿ, "ಲಿಫ್ಟ್ ಪಕ್ಕದ ಜಾಗ ಇನ್ನು ನಮ್ದೇ ತಾನೆ?" ಎಂದು ಕೇಳಿದರು.

ನಾವು ಆ ಮನೆ ಬಿಡುವವರೆಗೂ ಗೋಡೆಗಳು ಇದ್ದವು. ಅವುಗಳನ್ನು ಉಳಿಸಿದ್ದು ನನ್ನ ಮಾತೋ, ಚೀಟಿಯ ಭಯವೋ, ನನಗೆ ಗೊತ್ತಿಲ್ಲ. ಆಗ ಯಾರನ್ನೂ ಕೇಳಲಿಲ್ಲ.