ಟೂ ಫೋರ್ ಬಳೆ ಹಿಡಿದು ಕೆಂಗೇರಿಗೆ

ಕಳೆದ ಶನಿವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ನಾನೂ ನಮ್ಮಕ್ಕನೂ ಮಹಾಲಕ್ಷ್ಮಿ ಲೇಔಟಿನಿಂದ ಕೆಂಗೇರಿಗೆ ಹೊರಟೆವು. ಹೆಚ್ಚೂಕಡಿಮೆ ಇಪ್ಪತ್ತು ಕಿಲೋಮೀಟರು, ಮೆಟ್ರೋ ಟಿಕೆಟ್ಟು ತಲೆಗೆ ಎಪ್ಪತ್ತು ರೂಪಾಯಿ, ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ರೈಲು ಬದಲಾಯಿಸಬೇಕು. ನನ್ನ ಜೊತೆ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರೆಲ್ಲ ಸಿಂಗಪುರ, ದುಬೈ ನೋಡಿ ಬಂದು ವಾರಗಟ್ಟಲೆ ತಲೆ ತಿನ್ನುತ್ತಾರೆ. ನನ್ನ ಪಾಲಿಗೆ ಬಂದದ್ದು ಕೆಂಗೇರಿ. ಆದರೆ ನಮ್ಮಕ್ಕ ನಾಗರತ್ನಳನ್ನು ಕೆಂಗೇರಿಯವರೆಗೆ ಕರೆದೊಯ್ದು ವಾಪಸು ತಂದವನು ದುಬೈನವರ ಮುಂದೆ ತಲೆ ತಗ್ಗಿಸಬೇಕಾಗಿಲ್ಲ.

ವಿಷಯ ಇಷ್ಟು. ಅಕ್ಕನ ಒಬ್ಬಳೇ ಮಗಳು ರಂಜಿತಾ, ನಮ್ಮ ರಂಜು, ಇಪ್ಪತ್ತಮೂರು ವರ್ಷದವಳು, ಬಸವೇಶ್ವರನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ನಾಲ್ಕು ತಿಂಗಳ ಹಿಂದೆ ಒಂದು ಸಂಜೆ ತಾನು ಮೂರು ತಿಂಗಳ ಬಸುರಿ ಎಂದು ತಾಯಿಗೆ ಹೇಳಿದಳು. ಹುಡುಗ ಅಷ್ಟರಲ್ಲಿ ಫೋನ್ ನಂಬರು, ರೂಮು ಎರಡನ್ನೂ ಬದಲಾಯಿಸಿದ್ದ. ಅಕ್ಕ ಸಿಟ್ಟಿನಲ್ಲಿ "ನನ್ನ ಕಣ್ಣೆದುರು ನಿಲ್ಬೇಡ" ಅಂದಳು. ರಂಜು ತಾಯಿಯ ಮಾತನ್ನು ಅಕ್ಷರಶಃ ನಡೆಸಿದಳು. ಇಂಥ ಹೆಣ್ಣುಮಕ್ಕಳಿಗಾಗಿ ಕ್ರಿಶ್ಚಿಯನ್ನರು ಕೆಂಗೇರಿಯಲ್ಲಿ ಒಂದು ಮನೆ ನಡೆಸುತ್ತಾರೆಂದು ಅಂಗಡಿಯ ಗೆಳತಿ ಹೇಳಿದ್ದಳಂತೆ. ಮರುದಿನವೇ ಅಲ್ಲಿಗೆ ಹೋಗಿ ಸೇರಿಕೊಂಡಳು. ಬೀದಿಯವರಿಗೆಲ್ಲ ಅಕ್ಕ, ಮಗಳು ಮೈಸೂರಿಗೆ ಟ್ರೈನಿಂಗಿಗೆ ಹೋಗಿದ್ದಾಳೆ ಎಂದು ಹೇಳಿದ್ದಳು. ಅವಳ ಮುಖ ನೋಡುವುದಿಲ್ಲವೆಂದು ದೇವರ ಮುಂದೆ ಆಣೆಯನ್ನೂ ಇಟ್ಟಿದ್ದಳು. ಪ್ರತಿ ಶನಿವಾರ ಹೋಗಿ ನೋಡಿಬರುತ್ತಿದ್ದವನು ಸೋದರಮಾವ, ಅಂದರೆ ನಾನು.

ಈಗ ಏಳನೇ ತಿಂಗಳು. ಬಸುರಿಗೆ ಹಸಿರು ಬಳೆ ತೊಡಿಸಬೇಕು. ಮದುವೆಯಾಗಿರಲಿ ಬಿಡಲಿ, ಬರಿಗೈಯಲ್ಲಿ ಆ ಹುಡುಗಿ ಹೆರಿಗೆಗೆ ಹೋಗುವುದು ನನಗೆ ಸಂಕಟವಾಗಿತ್ತು. ಹಿಂದಿನ ವಾರ ವಿಜಯನಗರದ ಮಾರ್ಕೆಟ್ಟಿನಲ್ಲಿ ಎರಡು ಡಜನ್ ಕೊಂಡು ಅಕ್ಕನಿಗೆ ಹೇಳಿದೆ. ಶನಿವಾರ ಬೆಳಿಗ್ಗೆ ಅಕ್ಕ ಮೂರು ಡಬ್ಬಿಯ ಕ್ಯಾರಿಯರ್ ಹಿಡಿದು, ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ನಾನು ದೀಪಾಂಜಲಿ ನಗರದಲ್ಲಿ ಇಳ್ಕೋತೀನಿ," ಅಂದಳು. "ಸಾವಿತ್ರಿ ಮನೆಗೆ ಹೋಗ್ಬೇಕು. ದಾರಿ ಒಂದೇ ಅಂತ ನಿನ್ ಜೊತೆ ಬರ್ತಾ ಇದೀನಿ, ಅಷ್ಟೇ." ಸಾವಿತ್ರಿ ಎಂದರೆ ಬಾಪೂಜಿ ನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬೆಳೆದವಳು, ಅಕ್ಕನ ಬಾಲ್ಯದ ಗೆಳತಿ.

"ಕ್ಯಾರಿಯರ್ ಏನು?"

"ನಿನ್ನೆ ಮಿಕ್ಕಿದ್ದು. ಅಲ್ಲಿ ಯಾರಿಗಾದ್ರೂ ಕೊಡು."

ಮುಟ್ಟಿ ನೋಡಿದೆ. ಮಿಕ್ಕಿದ್ದೆಲ್ಲ ಕೈ ಸುಡುವಷ್ಟು ಬಿಸಿಯಾಗಿತ್ತು. ಪುಳಿಯೋಗರೆ, ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ. ನಮ್ಮ ಭಾವ ಪೇಪರಿನ ಹಿಂದಿನಿಂದ ಮುಖ ತೋರಿಸದೆ ಒಂದು ಖರ್ಜೂರದ ಪೊಟ್ಟಣ ಚಾಚಿ, ಮತ್ತೆ ಪೇಪರಿನೊಳಗೆ ಹೋದರು.

ಮೆಟ್ರೋದಲ್ಲಿ ಜನ ಅಷ್ಟಿರಲಿಲ್ಲ. ಶ್ರೀರಾಂಪುರ ದಾಟುವಾಗ ಅಕ್ಕ, ಹೊತ್ತು ಹೋಗದವಳ ಹಾಗೆ, ಬಳೆಯ ಪೆಟ್ಟಿಗೆ ಬಿಚ್ಚಿದಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಯಾವ್ ಸೈಜೋ ಇದು?"

"ಟೂ ಸಿಕ್ಸ್."

"ಯಾರ್ ಹೇಳಿದ್ದು ನಿಂಗೆ ಟೂ ಸಿಕ್ಸ್ ಅಂತ?"

ಯಾರೂ ಹೇಳಿರಲಿಲ್ಲ. ಮೂವತ್ತೊಂದು ವರ್ಷ ರಾಜಾಜಿನಗರದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವನು ನಾನು. ಅಳತೆ ಗೊತ್ತಿಲ್ಲದಿದ್ದರೆ ಒಂದು ಸೈಜು ದೊಡ್ಡದನ್ನೇ ತರಬೇಕೆಂಬುದು ನಮ್ಮ ಸ್ಟೋರಿನ ನಿಯಮ. ಸಡಿಲಾದರೆ ವಾಷರ್ ಹಾಕಬಹುದು, ಬಿಗಿಯಾದರೆ ಏನೂ ಮಾಡುವ ಹಾಗಿಲ್ಲ. ಇದನ್ನು ಅಕ್ಕನಿಗೆ ವಿವರಿಸಿದೆ. ವಿವರಿಸಬಾರದಿತ್ತು.

"ವಾಷರ್ರಾ? ನಟ್ಟು ಬೋಲ್ಟಾ ಅವ್ಳು? ಟೂ ಫೋರ್ ಕಣೋ ಅವಳ ಕೈ. ಹೈಸ್ಕೂಲಿಂದ ಟೂ ಫೋರೇ. ಇದು ಹಾಕಿದ್ರೆ ಕೈ ಕೆಳಗೆ ಬಿಟ್ಟ ತಕ್ಷಣ ಉದುರಿ ಬೀಳತ್ತೆ. ಇಳಿ ವಿಜಯನಗರದಲ್ಲಿ."

ಇಳಿದರೆ ಆ ಟಿಕೆಟ್ಟಿನ ಕತೆ ಮುಗಿಯಿತು, ಮತ್ತೆ ಕೊಳ್ಳಬೇಕು ಎಂದೆ. ಅಕ್ಕ ನನ್ನನ್ನು ನೋಡಿದಳು. ವಿಜಯನಗರದಲ್ಲಿ ಇಳಿದೆವು.

ಬಳೆ ಅಂಗಡಿಯವನು ಆಗ ತಾನೇ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದ. ಬದಲಾಯಿಸಿ ಕೊಡಲು ಅವನದೇನೂ ತಕರಾರಿರಲಿಲ್ಲ. ಏಳನೇ ತಿಂಗಳ ಶಾಸ್ತ್ರಕ್ಕೆ ಎಂದು ತಿಳಿದ ಮೇಲೆ ಮಾತ್ರ ಕೈ ತಡೆದ.

"ಬಸುರಿ ಕೈ ಸ್ವಲ್ಪ ತುಂಬ್ಕೊಂಡಿರತ್ತೆ ಅಮ್ಮ. ಸಾರ್ ತಗೊಂಡಿದ್ದೇ ಇರ್ಲಿ."

"ನನ್ ಮಗಳ ಕೈ ನಂಗೊತ್ತಿಲ್ವೇನಪ್ಪ?" ಅಂದಳು ಅಕ್ಕ.

ನಾಲ್ಕು ತಿಂಗಳಲ್ಲಿ ಅವಳ ಬಾಯಲ್ಲಿ 'ನನ್ನ ಮಗಳು' ಎಂಬ ಮಾತು ಬಂದದ್ದು ಅದೇ ಮೊದಲು. ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಹಾಗಾಗಿ ಟೂ ಸಿಕ್ಸ್ ಪರವಾಗಿ ವಾದ ಮಾಡಲಿಲ್ಲ. ಹಸಿರು ಗಾಜಿನ ಟೂ ಫೋರ್ ಎರಡು ಡಜನ್, ಮೇಲೆ ಕೊಸರು ಎಂದು ಒಂದು ಬಳೆ, ಕಟ್ಟಿಸಿಕೊಂಡು ಮತ್ತೆ ರೈಲು ಹತ್ತಿದೆವು.

ಅತ್ತಿಗುಪ್ಪೆ ಆಯಿತು. ದೀಪಾಂಜಲಿ ನಗರ ಬಂತು. ಬಾಗಿಲು ತೆರೆಯಿತು. ಅಕ್ಕ ಕ್ಯಾರಿಯರನ್ನು ತೊಡೆಯ ಮೇಲೆ ಇನ್ನಷ್ಟು ಭದ್ರವಾಗಿ ಹಿಡಿದು ಎದುರಿನ ಜಾಹೀರಾತನ್ನು ಓದುತ್ತಿದ್ದಳು. ಬಾಗಿಲು ಮುಚ್ಚಿತು.

"ಸಾವಿತ್ರಿ?" ಅಂದೆ.

"ಅವಳು ಈ ಹೊತ್ತಲ್ಲಿ ಮಲಗಿರ್ತಾಳೆ."

ಗಂಟೆ ಹತ್ತೂ ಮುಕ್ಕಾಲು. ನಾನು ಕಿಟಕಿಯಾಚೆ ನೋಡಿದೆ. ಕೆಳಗೆ ಮೈಸೂರು ರಸ್ತೆ ಎಂದಿನಂತೆ ಬಿಸಿಲಿನಲ್ಲಿ ನಿಂತೇ ಇತ್ತು, ಮೇಲೆ ನಾವು ತಣ್ಣಗೆ ಹೋಗುತ್ತಿದ್ದೆವು.

ಕೆಂಗೇರಿ ನಿಲ್ದಾಣದಿಂದ ಆಟೋಗೆ ಅರವತ್ತು ರೂಪಾಯಿ. ಆ ಮನೆಗೆ ಬೋರ್ಡು ಇಲ್ಲ. ಒಳಗಿರುವವರನ್ನು ಹುಡುಕಿಕೊಂಡು ಕಂಡಕಂಡವರು ಬರಬಾರದೆಂದು ಹಾಕಿಲ್ಲ. ಎರಡು ಅಂತಸ್ತು, ಬೂದು ಬಣ್ಣದ ಗೇಟು, ಬಾಗಿಲ ಮೇಲೆ ಚಿಕ್ಕದೊಂದು ಶಿಲುಬೆ, ತಾರಸಿಯ ತುಂಬ ಒಗೆದು ಹರವಿದ ನೈಟಿಗಳು. ಗೇಟಿನ ಪಕ್ಕದ ಕಲ್ಲು ಬೆಂಚನ್ನು ಕಂಡದ್ದೇ ಅಕ್ಕ ಅಲ್ಲಿ ಕೂತುಬಿಟ್ಟಳು.

"ನಾನ್ ಒಳಗ್ ಬರಲ್ಲ. ಆಣೆ ಇಟ್ಟಿದೀನಿ. ನೀನ್ ಹೋಗಿ ತೊಡಿಸ್ಬಿಟ್ಟು ಬಾ. ಹಣೇಲಿ ಕುಂಕುಮ ಉಳಿಸಿದಾರಾ ಇಲ್ಲ ಒರೆಸಿಬಿಟ್ಟಿದಾರಾ, ಅದನ್ನೂ ನೋಡ್ಕೊಂಡ್ ಬಾ."

ಗೇಟಿನ ಕಾವಲಿನ ತಾತ ರಿಜಿಸ್ಟರ್ ತೆಗೆದ. ಒಳಗಿರುವ ಹುಡುಗಿ ಯಾರ ಹೆಸರು ಬರೆದು ಸಹಿ ಮಾಡಿದ್ದಾಳೋ ಅವರಿಗಷ್ಟೇ ಪ್ರವೇಶ, ಅದು ಅಲ್ಲಿನ ಪದ್ಧತಿ. ಹೆತ್ತವರೇ ಬಂದರೂ ಅಷ್ಟೇ. ತಾತ ನನ್ನ ಹೆಸರಿಗೆ ಗುರುತು ಹಾಕಿ, ಬೆಂಚಿನ ಕಡೆ ನೋಡಿ, "ಆ ಅಮ್ಮನ ಹೆಸ್ರು ಇಲ್ಲ ಸಾರ್," ಅಂದ.

"ನನ್ ಹೆಸ್ರೇ ಇಲ್ವಾ?" ಅಕ್ಕ ಎದ್ದು ನಿಂತಳು. ಒಳಗೆ ಬರುವುದಿಲ್ಲವೆಂದು ಹಟ ಹಿಡಿದಿದ್ದವಳಿಗೆ, ಒಳಗೆ ಬಿಡುವುದಿಲ್ಲವೆಂದಾಗ ಆದ ಅವಮಾನ ಹೇಳತೀರದು. "ಹೆತ್ತೋಳು ನಾನು. ಇವ್ನ್ ಹೆಸ್ರು ಬರ್ದಿದಾಳೆ, ವಾಷರ್ ಹಾಕೋನ್ದು."

ನಾನು ಮೆಲ್ಲಗೆ ಒಳಗೆ ಜಾರಿದೆ.

ಮನೆ ನೋಡಿಕೊಳ್ಳುವ ಸ್ಟೆಲ್ಲಾ ಆಂಟಿ ನಿವೃತ್ತ ನರ್ಸು. ಬಿ.ಪಿ. ಯಂತ್ರವನ್ನು ಬೇರೆಯವರು ಹ್ಯಾಂಡ್‌ಬ್ಯಾಗ್ ಹಿಡಿದ ಹಾಗೆ ಸದಾ ಕೈಯಲ್ಲಿ ಹಿಡಿದಿರುತ್ತಾರೆ. ಹೊರಗಿನ ಊಟವನ್ನು ಮೊದಲು ಅವರು ರುಚಿ ನೋಡಬೇಕು. ಪುಳಿಯೋಗರೆ ಬಾಯಿಗಿಟ್ಟು ಕಣ್ಣು ಮುಚ್ಚಿ, "ಚೆನ್ನಾಗಿದೆ ಸಾರ್. ಉಪ್ಪು ಜಾಸ್ತಿ. ರಂಜುಗೆ ಎರಡೇ ಚಮಚ," ಅಂದರು. ಬಳೆ ಶಾಸ್ತ್ರಕ್ಕೆ ಒಪ್ಪುತ್ತಾರೋ ಇಲ್ಲವೋ ಎಂದು ಹೆದರಿಕೊಂಡೇ ಕೇಳಿದೆ. "ಯಾಕ್ ಬೇಡ? ನಂಗೂ ಏಳನೇ ತಿಂಗ್ಳಲ್ಲಿ ನಮ್ಮತ್ತೆ ತೊಡಿಸಿದ್ರು. ಮೊದ್ಲು ಎಲ್ರೂ ಪ್ರಾರ್ಥನೆ ಮಾಡೋಣ, ಆಮೇಲೆ ಬಳೆ, ಆಮೇಲೆ ಒಬ್ಬಟ್ಟು."

ರಂಜು ಬಂದಳು. ಹಣೆಯಲ್ಲಿ ಮನೆಯಲ್ಲಿದ್ದಾಗಿನದಕ್ಕಿಂತ ದೊಡ್ಡ ಬಿಂದಿ ಇತ್ತು. ಅವಳ ಹಿಂದೆ ಇನ್ನೂ ನಾಲ್ಕು ಹುಡುಗಿಯರು ನೋಡಲು ಬಂದು ಸಾಲಾಗಿ ಕೂತರು. ಪ್ರಾರ್ಥನೆ ಮುಗಿಯಿತು. ನಾನು ಮೊದಲ ಬಳೆ ಎತ್ತಿದೆ. ಅದು ಗೆಣ್ಣಿನವರೆಗೆ ಬಂದು ನಿಂತಿತು. ಎರಡನೆಯದೂ ಅಲ್ಲೇ ನಿಂತಿತು. ಸ್ಟೆಲ್ಲಾ ಆಂಟಿ ಸೋಪಿನ ನೀರು ತಂದರು. ಮೂರನೆಯದು ಹೆಚ್ಚಿತು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು ಎಂದು ನಮ್ಮಮ್ಮ ಕಲಿಸಿದ್ದು.

ಗೇಟಿಗೆ ಹೋಗಿ ಅಕ್ಕನಿಗೆ ಸುದ್ದಿ ಮುಟ್ಟಿಸಿದೆ.

"ಹೋಗ್ತಿಲ್ವಾ? ಟೂ ಫೋರ್ ಹೋಗ್ತಿಲ್ವಾ? ನಿಂಗ್ ತೊಡ್ಸೋಕ್ ಬರಲ್ಲ. ಗಂಡಸಿನ ಕೈಲಿ ಆಗೋ ಕೆಲ್ಸಾನಾ ಅದು? ಸರಿ, ಬಿಡಪ್ಪ ಗೇಟು."

"ಹೆಸ್ರು ಇಲ್ಲ ಅಮ್ಮ," ಅಂದ ತಾತ.

ರಿಜಿಸ್ಟರನ್ನು ನಾನೇ ಒಳಗೆ ಹೊತ್ತುಕೊಂಡು ಹೋದೆ. ಅಮ್ಮನ ಹೆಸರು ಬರೆಯಬೇಕು ಎಂದು ರಂಜುವಿನ ಮುಂದೆ ಬಿಚ್ಚಿಟ್ಟೆ. ಅವಳು ಬೇಡ ಅಂದರೆ ಅಲ್ಲಿಗೆ ಮುಗಿಯಿತು, ಅಕ್ಕ ಈ ಜನ್ಮದಲ್ಲಿ ಮತ್ತೆ ಆ ಕಡೆ ಬರುತ್ತಿರಲಿಲ್ಲ.

"ಅಮ್ಮ ಬಂದಿದಾಳಾ ಮಾವ? ಯಾಕ್ ಹೇಳ್ಲಿಲ್ಲ?"

"ದೀಪಾಂಜಲಿ ನಗರಕ್ಕೆ ಅಂತ ಹೊರಟಳು. ಇಳಿಯೋದು ಮರೆತುಹೋಯ್ತು."

ಅವಳಿಗೆ ನಗು ಬಂತು. ಸೋಪಿನ ಕೈಯಲ್ಲೇ ಬರೆದು ಸಹಿ ಮಾಡಿದಳು. ಶಾಯಿ ಅರ್ಧ ಕಲೆಸಿಹೋಯಿತು. ತಾತ ಅದನ್ನು ಬಿಸಿಲಿಗೆ ಹಿಡಿದು ಓದಿ ಗೇಟು ತೆಗೆದ. ಸಂಬಂಧ ಎಂಬ ಕಾಲಮ್ಮಿನಲ್ಲಿ ಅಕ್ಕ 'ತಾಯಿ' ಎಂದು ಎಷ್ಟು ದೊಡ್ಡದಾಗಿ ಬರೆದಳೆಂದರೆ ಅದು ಪಕ್ಕದ ಕಾಲಮ್ಮಿಗೂ ಹೋಯಿತು.

ಒಳಗೆ ಬಂದವಳು ಮಗಳ ಮುಖ ನೋಡಲಿಲ್ಲ. ಆಣೆ ಇತ್ತಲ್ಲ, ಪಾಪ! ಸೀದಾ ಕೈ ಹಿಡಿದಳು. "ಹೆಬ್ಬೆರಳು ಒಳಗ್ ಮಡಚು. ಬಿಗಿ ಹಿಡೀಬೇಡ ಕಣೇ, ಸಡಿಲ ಬಿಡು." ಒತ್ತಿದಳು, ತಿರುಗಿಸಿದಳು, ಮತ್ತೆ ಒತ್ತಿದಳು.

"ಅಮ್ಮ, ನೋಯ್ತಾ ಇದೆ."

ಅಕ್ಕ ನಿಲ್ಲಿಸಿದಳು. ಆಗ ಆ ಕೈಯನ್ನು ಸರಿಯಾಗಿ ನೋಡಿದಳು. ಬೆರಳುಗಳು ಊದಿಕೊಂಡಿದ್ದವು.

"ಯಾವಾಗಿಂದ ಹೀಗೆ?"

"ಎರಡ್ ವಾರ ಆಯ್ತು. ಡಾಕ್ಟ್ರು ನೋಡಿದಾರೆ, ಏನೂ ಭಯ ಇಲ್ಲ ಅಂದಿದಾರೆ."

"ನಂಗೊತ್ತೇ ಇರ್ಲಿಲ್ಲ," ಅಂದಳು ಅಕ್ಕ. ಆಮೇಲೆ ಅವಳು ಮಗಳ ಮುಖ ನೋಡಿದಳು. ಇಬ್ಬರೂ ಅತ್ತರು. ಸಾಲಿನಲ್ಲಿ ಕೂತ ಹುಡುಗಿಯರೂ ಅತ್ತರು. ಅವರ ಅಮ್ಮಂದಿರು ಯಾರೂ ಬಂದಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ, ಗರ್ಭಿಣಿಯರು ವಾರಕ್ಕೆ ಎಷ್ಟು ಸಲ ಸೊಪ್ಪು ತಿನ್ನಬೇಕೆಂಬ ಪಟ್ಟಿಯನ್ನು ಮೂರು ಸಲ ಓದಿದೆ.

ಶಾಸ್ತ್ರ ಅರ್ಧಕ್ಕೆ ನಿಲ್ಲಬಾರದಲ್ಲ. ಅಕ್ಕ ತನ್ನ ಕೈಯ ಹಸಿರು ಬಳೆಗಳನ್ನು ಕಳಚತೊಡಗಿದಳು. ಮುತ್ತೈದೆ ಕೈ ಬರಿದು ಮಾಡಬಾರದೆಂದು ಒಂದೊಂದು ಕೈಯಲ್ಲಿ ಒಂದೊಂದು ಉಳಿಸಿಕೊಂಡು, ಮಿಕ್ಕದ್ದನ್ನು ಮಗಳಿಗೆ ತೊಡಿಸಿದಳು. ಸಲೀಸಾಗಿ ಏರಿದವು. ಅವು ಟೂ ಸಿಕ್ಸ್. ನಾನು ಬಾಯಿ ತೆರೆಯುವ ಮೊದಲೇ "ನೀನ್ ಏನೂ ಮಾತಾಡ್ಬೇಡ," ಅಂದಳು. ತಂದಿದ್ದ ಟೂ ಫೋರ್ ಬಳೆಗಳನ್ನು ಆ ನಾಲ್ವರಲ್ಲಿ ಸಣಕಲು ಕೈಯಿದ್ದ ಇಬ್ಬರಿಗೆ ತೊಡಿಸಿದಳು.

"ಮುಂದಿನ ಶನಿವಾರ ಸರಿಯಾಗ್ ಮಾಡಿ," ಅಂದರು ಸ್ಟೆಲ್ಲಾ ಆಂಟಿ. "ಐದು ಜನ ಹೆಂಗಸ್ರನ್ನ ಕರ್ಕೊಂಡ್ ಬನ್ನಿ. ಉಪ್ಪು ಕಮ್ಮಿ ಹಾಕಿ."

"ಯಾರನ್ನ ಬೇಕಾದ್ರೂ ಕರಿಯಮ್ಮ," ಅಂದಳು ರಂಜು. "ನಂಗೇನೂ ನಾಚಿಕೆ ಇಲ್ಲ. ಬರೋರಿದ್ರೆ ಹೆಸ್ರು ಬರೀತೀನಿ."

ಮೂರು ಗಂಟೆಗೆ ಹೊರಟೆವು. ತಿರುವಿನಲ್ಲಿ ಅಕ್ಕ ಆಟೋದಿಂದ ತಲೆ ಹೊರಗೆ ಹಾಕಿ ನೋಡಿದಳು. ತಾರಸಿಯ ನೈಟಿಗಳ ನಡುವಿನಿಂದ ಒಂದು ಹಸಿರು ಬಳೆಯ ಕೈ ಆಡುತ್ತಿತ್ತು.

ವಾಪಸು ರೈಲು ತುಂಬಿತ್ತು. ಮೈಸೂರು ರಸ್ತೆ ನಿಲ್ದಾಣ ದಾಟುತ್ತಲೇ ಅಕ್ಕನ ಫೋನು ಬಡಿದುಕೊಂಡಿತು. ಸಾವಿತ್ರಿ. ಅಕ್ಕನ ಫೋನಿನಲ್ಲಿ ಅತ್ತ ಕಡೆಯವರ ಮಾತು ಇಡೀ ಬೋಗಿಗೆ ಕೇಳುತ್ತದೆ.

"ಎಲ್ಲಿದೀಯೇ? ರಂಜು ಟ್ರೈನಿಂಗ್ ಮುಗೀತಾ?"

ಅಕ್ಕ ಕೈಯಲ್ಲಿ ಉಳಿದಿದ್ದ ಒಂದು ಬಳೆಯನ್ನು ತಿರುಗಿಸಿದಳು.

"ಟ್ರೈನಿಂಗೂ ಇಲ್ಲ ಏನೂ ಇಲ್ಲ ಕಣೇ. ಕೆಂಗೇರೀಲಿದಾಳೆ. ಮದುವೆ ಆಗಿಲ್ಲ, ಈಗ ಏಳು ತಿಂಗ್ಳು. ಶನಿವಾರ ಬಳೆ ಶಾಸ್ತ್ರ ಮಾಡ್ತಿದೀನಿ, ಐದ್ ಜನ ಬೇಕು. ಬರ್ತೀಯಾ?"

ಬೋಗಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಫೋನುಗಳನ್ನು ನೋಡಿಕೊಂಡರು. ದೀಪಾಂಜಲಿ ನಗರ ಬಂತು, ಹೋಯಿತು. ಅಕ್ಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅತ್ತಿಗುಪ್ಪೆಯಲ್ಲಿ ಬಾಗಿಲು ತೆರೆಯುವಾಗ ಸಾವಿತ್ರಿಯ ದನಿ ಬಂತು.

"ಬಳೆ ನಾನ್ ತರ್ತೀನಿ ಬಿಡು. ರಂಜುದು ಟೂ ಫೋರ್ ಅಲ್ವಾ?"

"ಟೂ ಸಿಕ್ಸ್," ಅಂದಳು ಅಕ್ಕ. "ನನ್ ಮಗಳ ಕೈ ನಂಗೊತ್ತಿಲ್ವೇನೇ?"